ಹುಚ್ಚಪ್ಪ ಮಾಸ್ತರರಿಗೆ ಜಾಗ

ಯುನೂಸ್ ಟೆಂಪೋದ ಕೀಲಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ.

"ಗಾಡಿ ಬಿಡೂದಿಲ್ರಿ. ಬೇಕಾದ್ರ ಬೈಕೋರಿ" ಅಂದ.

ಮಾಂತೇಶನಿಗೆ ಸಿಟ್ಟು ನೆತ್ತಿಗೇರಿತು. ಅಣ್ಣ ಹುಚ್ಚಪ್ಪ ಮಾಸ್ತರ ತೀರಿಕೊಂಡರೆಂದು ತಿಳಿದದ್ದೇ ತಡ, ಅವನು ತಮ್ಮ ಊರು ತಂಬೂರದಿಂದ ಹೊತ್ತು ಮೂಡುವುದರೊಳಗೆ ಬಂದಿದ್ದ. ಅಣ್ಣನನ್ನು ಹುಟ್ಟಿದೂರಿಗೆ ಒಯ್ದು ಅಪ್ಪ ಅವ್ವನ ಬಾಜೂಕೆ ಮಣ್ಣು ಮಾಡುವುದೆಂದು ಅಲ್ಲಿ ಆಗಲೇ ಮಾತಾಗಿತ್ತು. ಟೆಂಪೋ ಗೊತ್ತು ಮಾಡಿದ್ದೂ ಆಗಿತ್ತು. ಈಗ ನೋಡಿದರೆ ಮಾಸ್ತರರು ಈ ಊರಲ್ಲೇ ಇರಬೇಕೆಂದು ಟೆಂಪೋದವನೇ ಅಡ್ಡ ನಿಂತಿದ್ದ. ಮಾಸ್ತರರು ಇಷ್ಟು ವರ್ಷ ಬಾಡಿಗೆಗಿದ್ದ ಮನೆಯ ಮಾಲೀಕನೂ ಅವನೇ ಆದ್ದರಿಂದ ಜಬರದಸ್ತಿ ಮಾಡುವಂತೆಯೂ ಇರಲಿಲ್ಲ.

ಮೊರಬ ದಾಟಿದ ಮೇಲೆ ಕರಿಮಣ್ಣಿನ ಹೊಲಗಳ ನಡುವೆ ಬರುವ ಊರು ಅದು. ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ಯುನೂಸನ ಅಂಗಳದಲ್ಲಿ ನೆರೆದಿತ್ತು. ಒಳಗೆ ಬುದ್ಧನ ಫೋಟೋದ ಕೆಳಗೆ ಮಾಸ್ತರರನ್ನು ಮಲಗಿಸಿದ್ದರು. ಹೆಂಡತಿ ಸಣ್ಣವ್ವ ತಲೆಯ ಹತ್ತಿರ ಕುಳಿತಿದ್ದಳು. ಹುಬ್ಬಳ್ಳಿಯಿಂದ ಬಂದ ಮಗಳು ಮಹಾಲಕ್ಷ್ಮಿ, ಎಲ್ಲಿ ಮಣ್ಣು ಮಾಡಬೇಕೆಂದು ಕೇಳಿದವರಿಗೆಲ್ಲ, ಅವ್ವ ಹೇಳಿದ ಹಾಗೆ ಎಂದಷ್ಟೇ ಹೇಳುತ್ತಿದ್ದಳು. ಅವ್ವ ಇನ್ನೂ ಏನೂ ಹೇಳಿರಲಿಲ್ಲ.

ಅಷ್ಟರಲ್ಲಿ ಗೌರಕ್ಕ ಬಂದಳು. ಎಂಬತ್ತರ ಹತ್ತಿರದ ಮುದುಕಿ, ಹಣೆ ತುಂಬ ವಿಭೂತಿ, ಕೈಯಲ್ಲಿ ಕೋಲು. ಊರಿನ ಅರ್ಧ ಹೊಲ ಅವಳ ಮನೆತನದ್ದು. ಉಳಿದರ್ಧದ ಮೇಲೂ ಅವಳ ಮಾತೇ ನಡೆಯುತ್ತದೆ ಎಂದು ಮಂದಿ ನಗುತ್ತಾರೆ. ಶಾಲೆಯ ಎದುರಿಗಿರುವ ತನ್ನ ಹೊಲದ ಒಂದು ಮೂಲೆಯನ್ನು ಮಾಸ್ತರರಿಗೆ ಬಿಟ್ಟುಕೊಡುವುದಾಗಿಯೂ ಮೇಲೊಂದು ಕಟ್ಟೆ ಕಟ್ಟಿಸುವುದಾಗಿಯೂ ಹೇಳಿದಳು. ನೆರೆದವರೆಲ್ಲ ತಲೆದೂಗಿದರು. ಇಷ್ಟು ಒಳ್ಳೆಯ ಮಾತು ಊರಿನಲ್ಲಿ ಬಹಳ ದಿನದಿಂದ ಯಾರೂ ಆಡಿರಲಿಲ್ಲ.

ಮಾಂತೇಶ ಮಾತ್ರ ಸುಮ್ಮನಿರಲಿಲ್ಲ. "ಬಾಡಿಗಿಗೆ ಮನಿ ಇಲ್ಲ ಅಂದ ಊರು ಇದು. ಈಗ ಹೊಲಾ ಕೊಡ್ತೀರೇನ್ರಿ?"

ಮನೆ ಇಲ್ಲ ಎಂದವಳು ಗೌರಕ್ಕನೇ ಎಂಬುದು ಅಲ್ಲಿದ್ದ ಹಿರಿಯರಿಗೆಲ್ಲ ಗೊತ್ತಿತ್ತು.

*

ಹುಚ್ಚಪ್ಪ ಮಾಸ್ತರ ಹೊಸದಾಗಿ ಈ ಊರಿನ ಶಾಲೆಗೆ ಬಂದಾಗ ಗೌರಕ್ಕನ ಹಳೇ ಮನೆ ಖಾಲಿ ಬಿದ್ದಿತ್ತು. ಅವಳು ಮಾಸ್ತರರ ಕುಲ ಕೇಳಿಕೊಂಡು, ಅಲ್ಲಿ ಮೇವು ತುಂಬಿದ್ದೇವೆ ಅಂದಳು. ಆ ವರ್ಷ ಅಲ್ಲಿ ಒಂದು ಹಿಡಿ ಮೇವೂ ಇರಲಿಲ್ಲ. ಕಡೆಗೆ ಯುನೂಸನ ತಾಯಿ ರಾಜಮಾಬಿ ತನ್ನ ಹಿತ್ತಲ ಕೋಣೆ ಬಿಟ್ಟುಕೊಟ್ಟಳು.

ಮಾಸ್ತರರು ಪಾಲಕರ ಸಭೆಯನ್ನು ಶನಿವಾರ ಕರೆದರು. ಯಾರೂ ಬರಲಿಲ್ಲ. ಮುಂದಿನ ಶನಿವಾರ ಮನೆಮನೆಗೆ ಹೇಳಿಕಳಿಸಿದರೂ ಬಂದದ್ದು ಒಂದು ನಾಯಿ ಮಾತ್ರ. ಇವರಿಗೆ ಮಕ್ಕಳ ಓದು ಬೇಕಾಗಿಲ್ಲ ಎಂದು ಮಾಸ್ತರರು ಬೇಸರದಿಂದ ಅಂದಾಗ ರಾಜಮಾಬಿ ಅವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು.

"ದುಡಿಯೂ ದಿನಾ ಕರದ್ರ ಯಾರು ಬರ್ತಾರ್ರಿ? ಸೋಮವಾರ ಎತ್ತಿನ ಕೊಳ್ಳಿಗೆ ನೊಗಾ ಇಡಂಗಿಲ್ಲ, ಗಂಡಸರು ಕಟ್ಟಿ ಮ್ಯಾಲೆ ಖಾಲಿ ಕುಂತಿರ್ತಾರ. ಅವರನ್ನ ಕರೀಬ್ಯಾಡ್ರಿ. ನೀವಽ ಹೋಗ್ರಿ."

ಅಂದಿನಿಂದ ಸೋಮವಾರ ಸಂಜೆ ಒಂದೊಂದು ಮನೆಯ ಕಟ್ಟೆಯ ಮೇಲೆ ಶಾಲೆ. ಯಾವ ಮನೆಯ ಪಾಳಿಯೋ ಆ ಮನೆಯ ಮಗು ಓಣಿಯವರ ಎದುರು ಓದಬೇಕು. ಬೀಜದ ಚೀಲ, ಲಗ್ನಪತ್ರಿಕೆ, ಔಷಧದ ಡಬ್ಬಿ, ಆ ಮನೆಗೆ ಏನು ಓದಿಸಿಕೊಳ್ಳಬೇಕಾಗಿದೆಯೋ ಅದನ್ನೇ. ಓದಾದ ಮೇಲೆ ಆ ಮನೆಯವರು ಮಕ್ಕಳಿಗೆ ತಮಗೆ ಗೊತ್ತಿದ್ದದ್ದನ್ನು ಕಲಿಸಬೇಕು. ಹಗ್ಗ ಹೊಸೆಯುವುದು, ಕೂರಿಗೆ ಕಟ್ಟುವುದು, ರಾಶಿ ಅಳೆಯುವುದು. ಎಲ್ಲರಿಗೂ ಚಹಾ ಆ ಮನೆಯದೇ.

ಗೌರಕ್ಕನ ಕಟ್ಟೆಗೆ ಮಾತ್ರ ಪಾಳಿ ಬರಲಿಲ್ಲ. ಮಾಸ್ತರರು ಕೇಳಲಿಲ್ಲ, ಅವಳು ಕರೆಯಲಿಲ್ಲ. ಕಡೆಗೆ ಮೊಮ್ಮಗ ಸಿದ್ಧಾರೂಢ ಊಟ ಬಿಟ್ಟು ಕುಳಿತ. ಎಲ್ಲರ ಮನೆಯಲ್ಲೂ ಶಾಲೆ ಆಗುತ್ತದೆ, ನಮ್ಮ ಮನೆಯಲ್ಲಿ ಯಾಕಿಲ್ಲ ಎಂಬುದೊಂದೇ ಅವನ ಹಟ. ಊರಿಗೆಲ್ಲ ಜೋರು ಮಾಡುವ ಗೌರಕ್ಕ ಮೊಮ್ಮಗನಿಗೆ ಸೋತಳು. ಮುಂದಿನ ಸೋಮವಾರ ಮಾಸ್ತರರಿಗೆ ಕಟ್ಟೆಯ ಮೇಲೆ ಅವಳೇ ಜಮಖಾನೆ ಹಾಸಿದಳು.

*

ಅದೇ ವರ್ಷ ಹತ್ತಿ ಬಿಡಿಸುವ ಕಾಲಕ್ಕೆ ಕೂಲಿಯವಳ ಮಗಳು ಸುನಿತಾ ಶಾಲೆ ಬಿಟ್ಟಳು. ಅವಳ ಮನೆಗೆ ಕಟ್ಟೆ ಇರಲಿಲ್ಲವಾದ್ದರಿಂದ ಅವಳ ಪಾಳಿಯ ಸೋಮವಾರ ಮಂದಿ ಗೌರಕ್ಕನ ಕಟ್ಟೆಯ ಹತ್ತಿರ ಕೂಡಿದ್ದರು. ಮಾಸ್ತರರು ಗೌರಕ್ಕನಿಗೆ ಕೈಮುಗಿದು, ಇವತ್ತು ಓದುವ ಹುಡುಗಿ ನಿಮ್ಮ ಹೊಲದಲ್ಲಿದ್ದಾಳೆ, ಎಲ್ಲರೂ ಅಲ್ಲಿಗೇ ಹೋಗೋಣ ಅಂದರು.

ಮಂದಿಯೆಲ್ಲ ಹೊಲಕ್ಕೆ ನಡೆದರು. ಸುನಿತಾ ನಡುವಿಗೆ ಹತ್ತಿಯ ಉಡಿ ಕಟ್ಟಿಕೊಂಡೇ ಸಾಲಿನ ನಡುವೆ ನಿಂತು ಓದಿದಳು. ಮೊದಲು ಅಳುಕುತ್ತ, ಆಮೇಲೆ ಗಟ್ಟಿಯಾಗಿ. ಅವಳ ತಾಯಿ ಬದುವಿನಲ್ಲಿ ಕುಳಿತು ಅತ್ತಳು. ಗೌರಕ್ಕ ಓದು ಮುಗಿಯುವ ತನಕ ನಿಂತೇ ಕೇಳಿದಳು. ಮರುದಿನ ಸುನಿತಾ ಹೊಲಕ್ಕೆ ಬಂದಾಗ ಬದುವಿನಿಂದಲೇ ತಿರುಗಿಸಿ ಕಳಿಸಿದಳು. ಆ ಮೇಲೆ ಅವಳ ಹೊಲದಲ್ಲಿ ಶಾಲೆಯ ಮಕ್ಕಳು ಹತ್ತಿ ಬಿಡಿಸಲಿಲ್ಲ. ಅವಳು ಬೇಡ ಅಂದದ್ದನ್ನು ಬೇರೆ ಹೊಲದವರು ಮಾಡುವಂತಿರಲಿಲ್ಲ.

ಆ ಸುನಿತಾ ಈಗ ಇದೇ ಶಾಲೆಯ ಮುಖ್ಯೋಪಾಧ್ಯಾಯಿನಿ. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದರೂ ಸೋಮವಾರದ ಶಾಲೆಯನ್ನು ಅವಳು ನಿಲ್ಲಿಸಿಲ್ಲ.

*

ಸಣ್ಣವ್ವ ಹೊಸ್ತಿಲಿಗೆ ಬಂದು ನಿಂತಳು. ಅವಳಿಗೆ ಗಂಡ ಇದೇ ಊರಿನಲ್ಲಿರಬೇಕಿತ್ತು. ಅವಳ ಬಾಳೆಲ್ಲ ಕಳೆದದ್ದು ಇಲ್ಲೇ, ಇನ್ನು ಮುಂದೆ ಇರುವುದೂ ಇಲ್ಲೇ. ನಡೆದು ಹೋಗಿ ನೋಡಿ ಬರುವಷ್ಟು ಹತ್ತಿರ ಅವರಿದ್ದರೆ ಸಾಕಿತ್ತು. ಆದರೆ ಹೊಲದ ಮೂಲೆಯ ಮಾತು ಅವಳ ಎದೆಗೆ ಚುಚ್ಚಿತ್ತು.

"ಗೌರಕ್ಕಾರ, ಹೊಲದ ಮೂಲಿ ಬ್ಯಾಡ್ರಿ" ಅಂದಳು. "ನಿಮ್ಮ ರುದ್ರಭೂಮ್ಯಾಗ ಜಾಗ ಕೊಡ್ರಿ. ಸಾಲ್ಯಾಗ ಅವರು ಯಾವ ಹುಡುಗನ್ನೂ ಬ್ಯಾರೆ ಕುಂಡ್ರಿಸಲಿಲ್ಲ. ಅವರನ್ನೂ ಬ್ಯಾರೆ ಇಡಬ್ಯಾಡ್ರಿ. ಆಗೂದಿಲ್ಲ ಅಂದ್ರ ತಂಬೂರಕ್ಕ ಒಯ್ತೀವಿ. ಸಿಟ್ಟೇನಿಲ್ಲ."

ರುದ್ರಭೂಮಿಯ ಉಸ್ತುವಾರಿ ನೋಡುವ ಬಸವಣ್ಣೆಪ್ಪ ಕೆಮ್ಮಿದ. ಅಲ್ಲಿ ಈತನಕ ಬೇರೆ ಕುಲದವರಿಗೆ ಜಾಗ ಕೊಟ್ಟಿಲ್ಲ, ಹಿರಿಯರು ಕೂಡಿ ಮಾತಾಡಬೇಕು, ಅದಕ್ಕೆ ಹೊತ್ತು ಬೇಕು ಎಂದು ಸುತ್ತಿ ಬಳಸಿ ಹೇಳತೊಡಗಿದ. ಸುನಿತಾ ಅವನ ಎದುರಿಗೆ ಬಂದು ನಿಂತಳು.

"ಕಾಕಾ, ನಿಮ್ಮ ಮನಿ ಮೂರೂ ಮಕ್ಕಳು ಯಾರ ಎದುರಿಗೆ ಓದಿ ನೌಕರಿ ಹಿಡದ್ರು?"

ಬಸವಣ್ಣೆಪ್ಪ ಗೌರಕ್ಕನ ಮುಖ ನೋಡಿದ. ಎಲ್ಲರೂ ಅವಳ ಮುಖವನ್ನೇ ನೋಡಿದರು. ಗೌರಕ್ಕ ಕೋಲಿನ ಮೇಲೆ ಭಾರ ಬಿಟ್ಟು ನಿಂತಳು.

"ಆಕಿ ಹೇಳೂದು ಖರೆ ಐತಿ" ಅಂದಳು. "ಹೋಗ್ರಿ, ಕುಣಿ ತಗೀರಿ."

ಬಸವಣ್ಣೆಪ್ಪ ಮನೆಗೆ ಹೋಗಿ ತಾನೇ ಗುದ್ದಲಿ ತಂದ. ಯುನೂಸ್ ಬುಟ್ಟಿ ಹಿಡಿದುಕೊಂಡು ಅವನ ಹಿಂದೆ ಹೋದ.

*

ಮಧ್ಯಾಹ್ನ ಶವ ರುದ್ರಭೂಮಿಗೆ ಬಂತು. ಚಟ್ಟಕ್ಕೆ ಹೆಗಲು ಕೊಡಲು ಅಷ್ಟು ಮಂದಿ ನುಗ್ಗಿದ್ದರಿಂದ ಮಾಂತೇಶನಿಗೇ ಅರ್ಧ ದಾರಿಯ ತನಕ ಪಾಳಿ ಸಿಕ್ಕಿರಲಿಲ್ಲ. ಸಣ್ಣವ್ವ ಸುನಿತಾಳ ಕೈ ಹಿಡಿದು ನಡೆದು ಬಂದಳು.

ಕುಣಿಯ ಹತ್ತಿರ ಚಟ್ಟ ಇಳಿಸಿದಾಗ ಮಾಂತೇಶ ಬಗ್ಗಿ ನೋಡಿ ದಂಗಾದ. ಕುಣಿ ಆಳವಾಗಿ, ಅಂದವಾಗಿ, ಚೌಕವಾಗಿತ್ತು. ಅದರಲ್ಲಿ ಮನುಷ್ಯ ಕೂರಬಹುದಿತ್ತು, ಮಲಗುವಂತಿರಲಿಲ್ಲ.

ಬಸವಣ್ಣೆಪ್ಪ ತಲೆ ಮೇಲೆ ಕೈ ಹೊತ್ತ. ಅವನ, ಗೌರಕ್ಕನ ಮಂದಿಯಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅಷ್ಟು ವರ್ಷ ಕುಣಿ ತೆಗೆದ ಕೈ ತನ್ನ ರೂಢಿಯಂತೆ ಅಗೆದುಬಿಟ್ಟಿತ್ತು. ಮಾಸ್ತರರ ಮನೆತನದಲ್ಲಿ ಮಲಗಿಸುವ ಪದ್ಧತಿ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಮಾಂತೇಶನ ಮುಖ ಕೆಂಪಾಯಿತು. ಅವನು ಬಾಯಿ ತೆರೆಯುವುದರೊಳಗೆ ಸಣ್ಣವ್ವ ಮಾತಾಡಿದಳು.

"ಜನ್ಮಾ ಪೂರ್ತಿ ಮಂದಿ ಕಟ್ಟಿ ಮ್ಯಾಲೆ ಕುಂತಽ ಇದ್ರು. ಇನ್ನ ಕಾಲು ಚಾಚಿ ಮಲಗ್ಲಿ ಬಿಡ್ರಿ."

ಅಳುತ್ತಿದ್ದವರಲ್ಲಿ ಕೆಲವರಿಗೆ ನಗು ಬಂತು. ಅಗೆಯುವವರು ಮತ್ತೆ ಕುಣಿಗೆ ಇಳಿದರು. ಇಳಿದವರು ಗುದ್ದಲಿ ಎತ್ತದೆ ನಿಂತರು. ಕುಣಿಯ ಮೂರು ಕಡೆ ಹಳೆಯ ಗೋರಿಗಳ ಕಲ್ಲುಗಳಿದ್ದವು. ಉದ್ದ ಮಾಡುವುದಾದರೆ ಒಂದೇ ಕಡೆ, ಗೌರಕ್ಕನ ಗಂಡನ ಗೋರಿಯ ಕಡೆ. ಆ ಗೋರಿಗೂ ಕುಣಿಗೂ ನಡುವೆ ಬರಿ ನೆಲ ಇತ್ತು.

ಯಾಕೆ ನಿಂತಿರಿ ಎಂದು ಗೌರಕ್ಕ ಕೇಳಿದಳು.

"ಅಕ್ಕಾ, ಆ ಕಡೆ ನಿಮಗಂತ ಬಿಟ್ಟ ಜಾಗ ಐತಿ" ಅಂದ ಬಸವಣ್ಣೆಪ್ಪ.

ಗೌರಕ್ಕ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಅಲ್ಲಿಗೆ ಹೋದಳು. ತನಗಾಗಿ ಬಿಟ್ಟ ನೆಲದ ಮೇಲೆ ಕೋಲಿನ ತುದಿಯಿಂದ ಅಡ್ಡಲಾಗಿ ಒಂದು ಗೀಟು ಎಳೆದಳು. ಗೀಟಿನ ಆಚೆ ಗಂಡನ ಕಲ್ಲಿನ ತನಕ ಉಳಿದದ್ದು ಸ್ವಲ್ಪವೇ. ಅದನ್ನು ಒಮ್ಮೆ ನೋಡಿದಳು.

"ಇಲ್ಲಿತನಕ ಅಗೀರಿ. ನಾ ಕುಂತು ಹೋಗಾಕಿ, ನನಗ ಇಷ್ಟು ಸಾಕು."

ಮಾಂತೇಶ ಚಪ್ಪಲಿ ಬಿಟ್ಟು ಕುಣಿಗೆ ಇಳಿದ. ಬಸವಣ್ಣೆಪ್ಪನ ಕೈಯಿಂದ ಗುದ್ದಲಿ ತೆಗೆದುಕೊಂಡು, ಮುದುಕಿ ಎಳೆದ ಗೀಟಿನ ಕಡೆಗೆ ಮೊದಲ ಏಟು ಹಾಕಿದ.