ಬಣ್ಣ ಬಿಟ್ಟ ಚಾದರ

ನೀಲಿ, ಬಕೆಟ್ಟಿನ ತುಂಬ ನೀಲಿ, ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಇಷ್ಟೊಂದು ನೀಲಿ ಹೇಗೆ ಹಿಡಿಸಿತು ಅಂತಷ್ಟೇ ವಿಂಧ್ಯಾಳಿಗೆ ಮೊದಲು ಅನ್ನಿಸಿದ್ದು, ಹೆಸರನ್ನು ಅವಳಿನ್ನೂ ಓದಿರಲಿಲ್ಲ, ಬೆಳಗಿನಿಂದ ಬಂದ ದೂರುಗಳು ಪರದೆಯ ಮೇಲೆ ಒಂದರ ಕೆಳಗೊಂದು ಕೂತಿದ್ದವು — ಅಹಮದಾಬಾದಿನ ಹಲ್ಲಿನ ಡಾಕ್ಟರು ಅರ್ಧ ದಿನ ಕಾಯಿಸಿದರಂತೆ, ಮಕರಪುರದ ಬೇರಿಂಗ್ ಅಂಗಡಿಯವನು ಫೋನೇ ಎತ್ತುವುದಿಲ್ಲವಂತೆ, ಸೂರತ್ತಿನ ಉಧ್ನಾದಲ್ಲಿ ಹಸ್ಮುಖ್‌ಭಾಯಿ ಮಾರಿದ ಚಾದರ ಮೊದಲನೇ ಒಗೆತಕ್ಕೇ ಬಣ್ಣ ಬಿಟ್ಟಿತಂತೆ, ಒಂದು ಸ್ಟಾರ್, ಜೊತೆಗೆ ಈ ಫೋಟೋ, ಬಕೆಟ್ಟು, ನೀಲಿ ನೀರು, ಚಾದರದ ಮೂಲೆ ಹಿಡಿದು ಮೇಲಕ್ಕೆತ್ತಿದ ಒಂದು ಕೈ, ಆ ಮೂಲೆಯ ತುದಿಯಲ್ಲಿ ತುಂಬಿಕೊಂಡು ಇನ್ನೂ ಬೀಳದೆ ನಿಂತ ಒಂದು ಹನಿ, ಮಣಿಕಟ್ಟಿನ ಹತ್ತಿರ ಹುರುಳಿಕಾಳಿನಷ್ಟು ಸುಟ್ಟ ಕಲೆ — ಆ ಕಲೆ, ಟ್ರಾನ್ಸ್‌ಫಾರ್ಮರ್ ಎಣ್ಣೆ ಕಾರ್ಖಾನೆಯಲ್ಲಿ ಸಿಡಿದು ಆದದ್ದು, ಅದರ ಮೇಲೆ ಬೆರಳಿಟ್ಟು ಇನ್ನೂ ನೋಯತ್ತಾ ಅಂತ ಅವಳು ಕೇಳಿದ್ದಳು, ನೋಯೂದಿಲ್ಲ, ಆದ್ರ ಕೇಳಿದಿ ಅಂದ್ರ ನೋಯ್ತದ ಅಂತ ಅವನು ಅಂದಿದ್ದ, ಆಮೇಲೆ ಅವಳು ಮೇಲೆ ನೋಡಿದಳು, ಅಲ್ಲಿ ಹೆಸರಿತ್ತು, ಅನಿರುದ್ಧ. ನೋಡದೇ ಇದ್ದರೂ ಆಗುತ್ತಿತ್ತು, ಮೊದಲ ಸಾಲೇ ಸಾಕಿತ್ತು, ನಮಸ್ಕಾರ, ನನಗೇನೂ ಸಿಟ್ಟಿಲ್ಲ ಅಂತ ಇಂಗ್ಲಿಷಿನಲ್ಲಿ ಶುರು ಮಾಡಿ ಒಂದು ಸ್ಟಾರ್ ಕೊಡುವವನು ಈ ಗುಜರಾತಿನಲ್ಲಿ ಇನ್ಯಾರಿದ್ದಾನೆ, ಹೋಟೆಲಿನಲ್ಲೂ ಹಾಗೇ, ಭಾಯಿ, ನನಗೇನೂ ಸಿಟ್ಟಿಲ್ಲ, ಆದರೆ ಇದು ದಾಲೋ ಶರಬತ್ತೋ ಅದೊಂದು ಹೇಳಿಬಿಡು ಅಂತ ಮಾಣಿಯನ್ನು ಕೇಳುತ್ತಿದ್ದ, ಮಾಣಿ ನಗುತ್ತಿದ್ದ, ಅವಳು ಮೇಜಿನ ಕೆಳಗೆ ಅವನ ಕಾಲು ತುಳಿಯುತ್ತಿದ್ದಳು. ಅಂದರೆ ಅವನು ಇನ್ನೂ ಸೂರತ್ತಿನಲ್ಲೇ ಇದ್ದಾನೆ, ಇಲ್ಲಿ ರೈಲು ಹತ್ತಿ ಒಂದು ಚಹಾ ಕುಡಿದು ಒಂದು ಕೋಳಿನಿದ್ದೆ ತೆಗೆದರೆ ಬಂದುಬಿಡುವ ಊರು, ಎರಡು ವರ್ಷದಿಂದ ಅಲ್ಲೇ ಇದ್ದಾನೆ, ಬಟ್ಟೆ ಒಗೆಯುತ್ತಿದ್ದಾನೆ. ಅವಳು ಮತ್ತೆ ಓದಿದಳು, ಡಬಲ್ ಚಾದರ ಒಂದು, ದಿಂಬಿನ ಕವರು ಎರಡು — ಎರಡು, ಆ ಎರಡರ ಮೇಲೆ ಕಣ್ಣು ಹೋಗಿ ಕೂತಿತು, ಒಂದು ಅವನ ತಲೆಗೆ, ಇನ್ನೊಂದು ಯಾರ ತಲೆಗೆ, ಸೆಟ್ಟಿನಲ್ಲಿ ಎರಡೇ ಬರುತ್ತವೆ ಮಾರಾಯ್ತಿ, ಒಂಟಿ ಮನುಷ್ಯ ಕೊಂಡರೂ ಎರಡೇ ಬರುತ್ತವೆ, ಆದರೆ ಒಂಟಿ ಮನುಷ್ಯ ಡಬಲ್ ಚಾದರ ಯಾಕೆ ಕೊಳ್ಳುತ್ತಾನೆ, ಆಗ ಈ ಊರಿನ ಮಕರಪುರದ ರೂಮಿನಲ್ಲಿ ಅವನದು ಕಬ್ಬಿಣದ ಸಿಂಗಲ್ ಮಂಚ, ಕೂತರೆ ಕಿರ್ ಅನ್ನುತ್ತಿತ್ತು.

ಶುಂ ಥಯುಂ, ಏನಾಯ್ತು ವಿಂಧ್ಯಾಬೆನ್, ಬೆಳಬೆಳಿಗ್ಗೆ ಸಮಾಧಿಯಾ, ಅಂತ ಬೆನ್ನ ಹಿಂದೆ ಕಿಶೋರ್ ಕೇಳಿದ, ಅವಳ ಟೀಮ್ ಲೀಡರು, ಕೈಯಲ್ಲಿ ಹಪ್ಪಳದಂಥ ಖಾಖ್ರಾ, ಮಾತಾಡಿದರೆ ಪುಡಿ ಉದುರುತ್ತದೆ, ಹಸ್ಮುಖ್‌ಭಾಯಿ ನನ್ನ ಪ್ರಾಣ ತಿಂತಿದಾರೆ, ಮೂರು ವಾಯ್ಸ್ ಮೆಸೇಜು, ಕೇಳು, ಅಂತ ತಾನೇ ಹಾಕಿದ, ಉಧ್ನಾದ ರಸ್ತೆಯ ಹಾರ್ನುಗಳ ನಡುವೆ ಒಂದು ಮುದಿ ದನಿ — ಬೇಟಾ, ನವರಾತ್ರಿ ತಲೆ ಮೇಲೆ ಬಂತು, ಜನ ಫೋನ್ ನೋಡಿ ಅಂಗಡಿಗೆ ಬರೋ ಕಾಲ, ಎಲ್ಲಕ್ಕಿಂತ ಮೇಲೆ ಆ ಬಕೆಟ್ಟಿನ ಫೋಟೋನೇ ಕಾಣ್ತದೆ, ನಾನು ಮಿಲ್ಲಿನಿಂದ ತಂದು ಮಾರೋನು, ಬಣ್ಣ ನಾನು ಹಾಕಿದ್ದಾ, ಆ ಹುಡುಗನಿಗೆ ಹೊಸಾ ಸೆಟ್ ಕೊಡ್ತೀನಿ, ಚಹಾನೂ ಕುಡಿಸ್ತೀನಿ, ಆ ಬಕೆಟ್ ಒಂದು ತೆಗೆಸಿಬಿಡು. ಕೇಳಿದೆಯಲ್ಲ, ಅಂದ ಕಿಶೋರ್, ಫೋನ್ ಹಚ್ಚು, ಸಾರಿ ಹೇಳು, ಸೆಟ್ ಕೊಡಿಸು, ರಿವ್ಯೂ ತೆಗೆಸು, ನಾನೂ ಕೇಳಿಸ್ಕೊಳ್ತೀನಿ, ಈ ತಿಂಗಳು ನಿನ್ನ ಕಾಲ್ ಒಂದನ್ನೂ ಕೇಳಿಲ್ಲ, ತಡಿ, ಕೈ ತೊಳೆದು ಬರ್ತೀನಿ. ಸಣ್ಣ ಅಂಗಡಿಗಳ ಮಾನ ಕಾಯುವುದು ಅವಳ ಕೆಲಸ, ಅಲ್ಕಾಪುರಿಯ ಈ ಮೂರನೇ ಮಹಡಿಯಲ್ಲಿ ಕೂತು ಅವರ ಹೆಸರಿನಲ್ಲಿ ಜಾಹೀರಾತು ಬರೆಯುತ್ತಾಳೆ, ಅವರ ಹೆಸರಿನಲ್ಲಿ ಕ್ಷಮೆ ಕೇಳುತ್ತಾಳೆ, ನಿಮಗಾದ ತೊಂದರೆಗೆ ವಿಷಾದವಿದೆ, ನಮಗೆ ಇನ್ನೊಂದು ಅವಕಾಶ ಕೊಡಿ, ದಯವಿಟ್ಟು ಮತ್ತೆ ಬನ್ನಿ, ಯಾರ್ಯಾರಿಗೋ ಮತ್ತೆ ಬನ್ನಿ, ಹಲ್ಲು ನೋವಿನವರಿಗೆ, ಬೇರಿಂಗ್ ಸಿಗದವರಿಗೆ, ಧೋಕ್ಲಾ ಹುಳಿಯಾಗಿತ್ತು ಅಂದವರಿಗೆ, ಈ ಕೈಯಿಂದ ಅದೆಷ್ಟು ಸಾವಿರ ಸಲ ಮತ್ತೆ ಬನ್ನಿ ಅಂತ ಹೋಗಿದೆಯೋ, ಒಂದು ದಿನದೊಳಗೆ ಉತ್ತರ ಹೋಗಲೇಬೇಕು ಅನ್ನುವುದು ಇಲ್ಲಿನ ಮೊದಲ ಪಾಠ, ಉತ್ತರ ಕಾಣದ ದೂರನ್ನು ಜನ ನಿಜ ಅಂದುಕೊಳ್ಳುತ್ತಾರೆ ಅಂತ ಕಿಶೋರ್ ಹೊಸಬರಿಗೆಲ್ಲ ಹೇಳುತ್ತಾನೆ, ಅವಳಿಗೂ ಹೇಳಿದ್ದ, ಅವಳು ತಲೆಯಾಡಿಸಿದ್ದಳು, ಅದೇ ವಾರ ಅವಳ ಸ್ವಂತ ಫೋನಿನಲ್ಲಿ ಅನಿರುದ್ಧನ ಮೆಸೇಜು ಉತ್ತರವಿಲ್ಲದೆ ಬಿದ್ದಿತ್ತು, ಸೂರತ್ತಿನ್ಯಾಗ ಕೆಲಸ ಸಿಕ್ಕೇದ, ನೀನೂ ಬರ್ತಿ ಏನು.

ಬರ್ತಿ ಏನು — ಅದಕ್ಕೆ ಮುಂಚೆ, ಕೆಲಸ ಹುಡುಕಿಕೊಂಡು ಸೂರತ್ತಿಗೆ ಹೊರಟ ದಿನ, ಸ್ಟೇಷನ್ನಿನಲ್ಲೂ ಅದನ್ನೇ ಕೇಳಿದ್ದ, ಪ್ಲಾಟ್‌ಫಾರ್ಮಿನಲ್ಲಿ ಅವನ ಟ್ರಂಕಿನ ಮೇಲೆ ಇಬ್ಬರೂ ಕೂತಿದ್ದರು, ಅವಳು ನೋಡೋಣ ಅಂದಳು, ಎಂಥ ಮಾತು ಅದು, ಅಮ್ಮ ಮದುವೆ ಮನೆಗೆ ಕರೆದವರಿಗೆಲ್ಲ ಹೇಳುವ ಮಾತು, ನೋಡೋಣ ಅಂದರೆ ಬರುವುದಿಲ್ಲ ಅಂತ ಕರೆದವರಿಗೂ ಗೊತ್ತು, ಆದರೆ ವಿಂಧ್ಯಾ ಹಾಗಂದದ್ದಲ್ಲ, ಅವಳು ನಿಜವಾಗಿ ನೋಡೋಣ ಅಂತಲೇ ಅಂದದ್ದು, ಅಪ್ಪನ ಬ್ಯಾಂಕು ಅವರನ್ನು ಅಹಮದಾಬಾದಿಗೆ ತಂದಾಗ ಅವಳಿಗೆ ಮೂರು ವರ್ಷ, ಅಲ್ಲಿನ ಮಣಿನಗರದಲ್ಲಿ ಬೆಳೆದವಳು, ಅವಳ ಹತ್ತಿರ ಇರುವ ಕನ್ನಡವೇ ಅಷ್ಟು, ಒಂದು ಚಮಚ, ಗದಗಿನವನು ಕೇಳಿದ್ದಕ್ಕೆ ಗದಗಿನಷ್ಟು ಉದ್ದದ ಉತ್ತರ ಕೊಡಲು ಅವಳಿಗೆ ಮಾತು ಸಾಲದು, ನಿನ್ನ ಕನ್ನಡದಾಗ ಸಕ್ಕರಿ ಜಾಸ್ತಿ ಆಗೇದ, ಇಲ್ಲಿ ದಾಲಿನ ಹಂಗ, ಅಂತ ಅವನು ಆಡಿಕೊಳ್ಳುತ್ತಿದ್ದ. ಮೆಸೇಜಿಗೆ ಚೆನ್ನಾಗಿ ಬರೆಯೋಣ ಅಂದುಕೊಂಡಳು, ಬರೆದಳು, ಅಳಿಸಿದಳು, ಬರ್ತೀನಿ ಅನ್ನುವ ಒಂದು ಪದ ತೀರ ಚಿಕ್ಕದು ಅನ್ನಿಸಿತು, ಉದ್ದ ಬರೆದರೆ ಗ್ರಾಹಕರಿಗೆ ಬರೆಯುವ ಪತ್ರದ ಹಾಗೆ ಕಂಡಿತು, ಒಂದು ದಿನ ಹೋಯಿತು, ವಾರ ಹೋಯಿತು, ಇಷ್ಟು ತಡವಾಗಿ ಬರೆದರೆ ಏನಂದುಕೊಂಡಾನು ಅಂತ ಇನ್ನೂ ತಡಮಾಡಿದಳು, ಕಡೆಗೊಂದು ದಿನ ಕರೆ ಮಾಡಿದಾಗ ಆ ನಂಬರೇ ಬಳಕೆಯಲ್ಲಿರಲಿಲ್ಲ. ಮೊದಲು ಸಿಕ್ಕಿದ್ದು ಕನ್ನಡ ಸಂಘದ ಯುಗಾದಿ ಊಟದಲ್ಲಿ, ಅವನು ಸಾರಿನ ಬಕೆಟ್ಟು ಹಿಡಿದು ಬಡಿಸುತ್ತ ಬಂದ — ಅವನ ಕೈಯಲ್ಲಿ ಆವತ್ತೂ ಒಂದು ಬಕೆಟ್ಟು, ಸ್ಟೀಲಿನದು — ಊಟ ಆತೇನ ಅಂತ ಕೇಳಿದ, ಎದುರಿಗೆ ಎಲೆ ಇದೆ, ಬಾಯಲ್ಲಿ ಅನ್ನ ಇದೆ, ಕಣ್ಣು ಕಾಣಲ್ವಾ ಅಂದಳು, ಕಾಣ್ತದ, ಆದ್ರ ಕೇಳಬೇಕಲ್ಲ, ಅಂದ. ಆಮೇಲೆ ಯಾವಾಗಲೂ ಅದೇ, ಫೋನಿನಲ್ಲಿ ಮೊದಲು ಊಟ ಆತೇನ, ಜಗಳವಾಡಿದ ಮರುದಿನ ಊಟ ಆತೇನ, ಮೊದಲ ಸಲ ಅವಳ ಕೈ ಹಿಡಿದಾಗ ಏನು ಮಾತಾಡುವುದೆಂದು ತೋಚದೆ ಸಂಜೆ ಐದು ಗಂಟೆಗೆ ಊಟ ಆತೇನ, ಅವಳು ನಕ್ಕು ನಕ್ಕು ಕಮಾಟಿಬಾಗ್ ಪಾರ್ಕಿನ ಕಲ್ಲುಬೆಂಚಿನಿಂದ ಬೀಳುವ ಹಾಗಾಗಿದ್ದಳು, ಈಗ ಯಾರೂ ಕೇಳುವುದಿಲ್ಲ, ಊಟದ ಡಬ್ಬಿ ಬರುತ್ತದೆ, ಡಬ್ಬಿ ಹೋಗುತ್ತದೆ.

ಚಲೋ, ಅಂದ ಕಿಶೋರ್, ಪಕ್ಕದ ಕುರ್ಚಿ ಎಳೆದುಕೊಂಡು ಇನ್ನೊಂದು ಹೆಡ್‌ಫೋನು ಹಾಕಿಕೊಂಡ, ಅವಳ ಬೆರಳು ಕರೆಯ ಗುಂಡಿಯ ಮೇಲೆ, ನಂಬರು ಕಾಣುವುದಿಲ್ಲ, ಕಡೆಯ ಎರಡು ಅಂಕಿ ಬಿಟ್ಟು ಉಳಿದದ್ದಕ್ಕೆಲ್ಲ ಚುಕ್ಕಿ, ಕೇಸು ಮುಗಿದರೆ ಆ ಎರಡೂ ಹೋಗುತ್ತವೆ, ಸ್ವಂತ ಫೋನುಗಳೆಲ್ಲ ಬಾಗಿಲ ಬಳಿಯ ಬುಟ್ಟಿಯಲ್ಲಿ, ಇಲ್ಲಿ ಅವಳು ವಿಂಧ್ಯಾ ಅಲ್ಲ, ಗ್ರಾಹಕರ ಮುಂದೆ ಯಾರೂ ತಮ್ಮ ಹೆಸರು ಹೇಳಬಾರದು, ಅವಳು ಪಾಯಲ್, ಪಾಯಲ್‌ಳ ದನಿಯೇ ಬೇರೆ, ಸಪೂರ, ಮೂಗಿನಿಂದ ಬರುವಂಥದ್ದು, ಗುರುತು ಹತ್ತುವುದಿಲ್ಲ, ಗುರುತು ಹತ್ತದಿರಲಿ, ಹತ್ತಲಿ, ರಿಂಗಾಗುತ್ತಿದೆ, ಕಿಟಕಿಯಾಚೆ ಸ್ಟೇಷನ್ನಿನ ಕಡೆಯಿಂದ ಒಂದು ರೈಲು ಕೂಗಿತು, ಹಲೋ. ಅವನೇ. ಆ ಹಲೋದಲ್ಲಿ ಹ ಸ್ವಲ್ಪ ಜಾಸ್ತಿ, ಹಾಗೇ ಇದೆ, ಸವೆದಿಲ್ಲ, ನಮಸ್ತೇ ಸರ್, ನಾನು ಪಾಯಲ್ ಅಂತ, ಹಸ್ಮುಖ್‌ಭಾಯಿಯವರ ಚಾದರದ ಅಂಗಡಿಯ ಪರವಾಗಿ ಅಂತ ಹಿಂದಿಯಲ್ಲಿ ಅವಳ ಬಾಯಿ ತಾನೇ ತಾನಾಗಿ ನಡೆಯಿತು, ನಿಮಗಾದ ತೊಂದರೆಗೆ ತುಂಬ ವಿಷಾದವಿದೆ, ಆ ಕಡೆ ಪ್ರೆಷರ್ ಕುಕ್ಕರಿನ ಒಂದು ಸೀಟಿ, ಕುಕ್ಕರ್ ಯಾರು ಇಟ್ಟದ್ದು, ಆಮೇಲೆ ಅವನು ಹೇಳಿ ಅಂದ, ಬಹಳ ಮೆಲ್ಲಗೆ. ಹೊಸ ಸೆಟ್ ಕಳಿಸುತ್ತಾರೆ ಸರ್, ದಯವಿಟ್ಟು ಆ ರಿವ್ಯೂ ತೆಗೆದುಬಿಟ್ಟರೆ — ಆಯ್ತು, ತೆಗೀತೀನಿ, ಅಂದ, ಅಷ್ಟೇ, ಅವಳು ಜಗಳಕ್ಕೆ ಕಾದಿದ್ದಳು, ರಿಕ್ಷಾದವನ ಹತ್ತಿರ, ದಾಲಿನ ಹತ್ತಿರ ಜಗಳವಾಡುವವನು, ನನಗೇನೂ ಸಿಟ್ಟಿಲ್ಲ, ಆದರೆ ಅಂತ ಶುರು ಮಾಡುತ್ತಾನೆ, ಅರ್ಧ ಗಂಟೆ ಬೈಯುತ್ತಾನೆ, ಅರ್ಧ ಗಂಟೆ ಕೇಳಬಹುದು ಅಂದುಕೊಂಡಿದ್ದಳು, ಬೈಯಲೇ ಇಲ್ಲ. ಕಿಶೋರ್ ಹೆಬ್ಬೆರಳೆತ್ತಿದ. ಅವಳು ಕರೆಯಲ್ಲಿ ಏನೇನು ಕೇಳಬೇಕೆಂದು ಬರೆದಿಟ್ಟ ಚೀಟಿಯಲ್ಲಿಲ್ಲದ ಪ್ರಶ್ನೆ ಕೇಳಿದಳು, ದಿಂಬಿನ ಕವರುಗಳು ಸರ್, ಎರಡಕ್ಕೂ ಬಣ್ಣ ಹತ್ತಿದೆಯಾ, ಎರಡೂ ಬದಲಿಸಬೇಕಾ. ಒಂದು ಸಾಕು, ಅಂದ ಅವನು, ಇನ್ನೊಂದು ಪ್ಯಾಕೆಟ್ಟಿನಲ್ಲೇ ಇದೆ, ಒಡೆದಿಲ್ಲ.

ಒಡೆದಿಲ್ಲ — ಪ್ಲಾಸ್ಟಿಕ್ಕಿನೊಳಗೆ ಮಡಿಕೆ ಮಡಿಕೆಯಾಗಿ ಇಸ್ತ್ರಿ ಮುರಿಯದ ಒಂದು ಕವರು, ಅದರ ಮೇಲೆ ಯಾರ ತಲೆಯೂ ಇಲ್ಲ, ಯಾರ ಕೂದಲೂ ಇಲ್ಲ, ಸೂರತ್ತಿಗೆ ಮಧ್ಯಾಹ್ನ ಒಂದು ಗಾಡಿ ಇದೆ, ಸಂಜೆ ಎರಡಿವೆ, ಅಷ್ಟರಲ್ಲಿ ಬಾಯಿ ಮಾತ್ರ ತನ್ನ ದಾರಿ ಹಿಡಿದು ಧನ್ಯವಾದ ಸರ್, ಅಂಗಡಿಗೆ ದಯವಿಟ್ಟು ಮತ್ತೆ ಬನ್ನಿ ಅಂತ ಹೇಳಿ ಮುಗಿಸುತ್ತಿತ್ತು, ಆಗ ಆ ಕಡೆಯಿಂದ ಅವನು ಹಿಂದಿ ಬಿಟ್ಟು, ಪಾಯಲ್‌ಳನ್ನು ದಾಟಿ, ನೆಟ್ಟಗೆ, ಊಟ ಆತೇನ ಅಂತ ಕೇಳಿದ. ಕಿಶೋರ್ ಹುಬ್ಬೆತ್ತಿ ಅವಳನ್ನು ನೋಡಿದ, ಏನಂತೆ. ಅವಳು ಜೀ ಅಂದಳು. ಜೀ ಸರ್, ಸಮಝೀ ನಹೀಂ, ಅರ್ಥವಾಗಲಿಲ್ಲ ಅಂದಳು, ಅವಳಲ್ಲ, ಪಾಯಲ್ ಅಂದಳು, ದಿನಕ್ಕೆ ನಲವತ್ತು ಸಲ ಅನ್ನುವ ಹಾಗೆ, ನಾಲಿಗೆಯ ಮೇಲೆ ಮೊದಲೇ ಕೂತಿದ್ದ ಮಾತು ಜಾರಿ ಬಿದ್ದಿತು, ಅದರ ಹಿಂದೆ ಇಲ್ಲ, ಇನ್ನೂ ಆಗಿಲ್ಲ, ನಿಂದು ಅನ್ನುವ ಮೂರು ಮಾತು ಗಂಟಲಲ್ಲಿ ಸಾಲಾಗಿ ನಿಂತಿದ್ದವು, ಒಂದು ಚಮಚ ಕನ್ನಡವೇ ಸಾಕಿತ್ತು, ಗದಗಿನಷ್ಟು ಬೇಕಿರಲಿಲ್ಲ. ಕುಕ್ಕರ್ ಇನ್ನೊಂದು ಸಲ ಕೂಗಿತು. ಏನಿಲ್ಲ, ಬಿಡಿ, ಅಂತ ಹಿಂದಿಯಲ್ಲಿ ಅವನು ಅಂದ, ಕರೆ ಮುಗಿಯಿತು.

ವಾಹ್ ಬೆನ್, ಅಂದ ಕಿಶೋರ್, ಮುಂದಿನ ಬ್ಯಾಚಿಗೆ ಇದನ್ನೇ ಕೇಳಿಸ್ತೀನಿ, ಕಡೆಗೇನೋ ಕೇಳಿದನಲ್ಲ, ನಿಮ್ಮ ಭಾಷೆ ಥರಾ ಇತ್ತು, ನಿನಗೂ ಗೊತ್ತಾಗಲಿಲ್ವಾ, ಗೊತ್ತಾಗಲಿಲ್ಲ ಅಂದಳು, ಅವನು ಹಸ್ಮುಖ್‌ಭಾಯಿಗೆ ಶುಭ ಸಮಾಚಾರ ಹೇಳಲು ಎದ್ದು ಹೋದ. ಹಸ್ಮುಖ್‌ಭಾಯಿಯ ಹತ್ತಿರ ನಂಬರಿದೆ, ಬಿಲ್ಲಿನಲ್ಲಿರುತ್ತದೆ, ಕೇಳಿದರೆ ಕೊಟ್ಟಾರು, ಸೆಟ್ ತಲುಪಿತಾ ಅಂತ ವಿಚಾರಿಸುವ ನೆಪದಲ್ಲಿ ಕೇಳಬಹುದು, ಇವತ್ತು ಬೇಡ, ಇವತ್ತೇ ಕೇಳಿದರೆ ಏನಂದುಕೊಂಡಾರು, ನಾಳೆ, ಹಬ್ಬ ಕಳೆಯಲಿ, ನೋಡೋಣ — ನೋಡೋಣ ಅಂದದ್ದು ಅವಳಿಗೇ ಕೇಳಿಸಿತು, ಪರದೆಯನ್ನು ಮತ್ತೆ ತೆರೆದಳು, ಒಂದು ಸಲ, ಒಂದೇ ಒಂದು ಸಲ ನೋಡಿ ಮುಚ್ಚಿಬಿಡೋಣ ಅಂತ, ಹಲ್ಲಿನ ಡಾಕ್ಟರು ಇದ್ದರು, ಬೇರಿಂಗ್ ಅಂಗಡಿ ಇತ್ತು, ಅವುಗಳ ಕೆಳಗೆ ಏನೂ ಇರಲಿಲ್ಲ, ಹೇಳಿದ ಮಾತಿಗೆ ತಪ್ಪದವನು, ಆಗಲೇ ತೆಗೆದಿದ್ದ, ಬಿಳಿ ಜಾಗ, ಆ ಬಿಳಿಯನ್ನೇ ನೋಡುತ್ತ ಕೂತರೆ ಕೆಂಪು ಬಕೆಟ್ಟು, ನೀಲಿ ನೀರು, ಹುರುಳಿಕಾಳಿನಷ್ಟು ಕಲೆ, ಎತ್ತಿ ಹಿಡಿದ ಆ ಮೂಲೆ, ಮೂಲೆಯ ತುದಿಯಲ್ಲಿ ಹನಿ, ತುಂಬಿಕೊಂಡು, ಭಾರವಾಗಿ, ಇನ್ನೂ ಬೀಳದೆ, ಹನಿ