ಊದುವವನ ಉಸಿರು

ಎಡಗಡೆಯದು, ಗಂಡನ ಕಿವಿಯ ಕೆಳಗಿನಿಂದ ಇಳಿದು ಕಾಲರಿನೊಳಗೆ ನುಸುಳುವ ಆ ನರ, ಇನ್ನೂ ಉಬ್ಬಿಲ್ಲ, ಸದ್ಯ — ಗಂಡ ಕುಲುಮೆಯಿಂದ ಕೊಳವೆಯನ್ನು ಹೊರಗೆಳೆದಿದ್ದಾನೆ, ತುದಿಯಲ್ಲಿ ಗಾಜಿನ ಮುದ್ದೆ ಕೆಂಪಗೆ ಜೋಲುತ್ತಿದೆ, ದಪ್ಪ ಕೈಗವಸು ತೊಟ್ಟು ಅವಳು ಪಕ್ಕದಲ್ಲೇ ನಿಂತಿದ್ದಾಳೆ, ಮದುವೆಯಾದಾಗಿನಿಂದ ಇದೇ ಕೆಲಸ, ಅವನು ಊದುವುದು, ಅವಳು ಹಿಡಿದು ಗಾಜು ನಿಧಾನವಾಗಿ ಆರುವ ಗೂಡಿಗೆ ಸೇರಿಸುವುದು, ಆದರೆ ಅವನ ಹೃದಯ ಕೈಕೊಟ್ಟ ಮೇಲೆ ದೊಡ್ಡ ಗೋಳಕ್ಕೆ ಬಾಯಿ ಹಚ್ಚುತ್ತಿರುವುದು ಇವತ್ತೇ ಮೊದಲು, ಮಾಲೀಕ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಾನೆ, ಊದಿದ್ರೆ ನಿನ್ನ ಜಾಗ ನಿಂದೇ, ಆಗ್ಲಿಲ್ಲಾಂದ್ರೆ ಬೇಜಾರು ಮಾಡ್ಕೋಬೇಡ, ಪ್ಯಾಕಿಂಗ್ ಮೇಜಿಗೆ ಹೋಗು. ಪ್ಯಾಕಿಂಗ್ ಮೇಜಂತೆ, ಇನ್ಯಾರೋ ಊದಿದ್ದನ್ನು ಇವನು ಕಾಗದದಲ್ಲಿ ಸುತ್ತುತ್ತ ಕೂರಬೇಕಂತೆ, ಜೀವ ಹೋದರೂ ಕೂರುವ ಪೈಕಿಯಲ್ಲ, ಆ ಜೀವವೇ ಹೋಗುವುದರಲ್ಲಿತ್ತಲ್ಲ, ಇದೇ ಬೆಂಚಿನ ಪಕ್ಕ ಎದೆ ಹಿಡಿದು ಕುಸಿದಾಗ ಆ ನರ ಹಗ್ಗದ ಹಾಗೆ ಎದ್ದಿತ್ತು, ಅವಳು ಬೇರೇನನ್ನೂ ನೋಡಲಿಲ್ಲ, ಅದನ್ನೇ ನೋಡಿದಳು — ಎಂಥ ಜಂಬ ಇತ್ತು ಇಲ್ಲಿನವರಿಗೆಲ್ಲ, ನಮಗ್ಯಾಕ್ರೀ ವ್ಯಾಯಾಮ, ದಿನವಿಡೀ ಊದ್ತೀವಲ್ಲ, ನಮ್ಮಂಥ ಶ್ವಾಸಕೋಶ ಯಾರಿಗಿದೆ, ಎಂದು ಎದೆ ತಟ್ಟಿಕೊಂಡು ಎರಡು ಬೀದಿ ಆಚೆಯ ಮನೆಗೂ ಸ್ಕೂಟರ್ ಹತ್ತುತ್ತಿದ್ದರು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹೆಂಗಸು, ಇವನು ಹೆಡ್‌ಮಿಸ್ಸು ಎಂದು ಹೆಸರಿಟ್ಟವಳು, ಕೇಳಿ ನಕ್ಕುಬಿಟ್ಟಳು, ನೀವು ಊದೋದು ಕೆನ್ನೇಲಿ, ಕಾಲು ಇದ್ದಲ್ಲೇ ಇರುತ್ತೆ, ಕಾಲು ದುಡಿದು ರಕ್ತ ಕೇಳಿದ್ರೆ ತಾನೇ ಹೃದಯ ಗಟ್ಟಿಯಾಗೋದು. ಎರಡು ದಿನ ಮುಖ ಊದಿಸಿಕೊಂಡಿದ್ದ, ಇಷ್ಟು ವರ್ಷ ನಾನು ದುಡಿದಿದ್ದು ಕೆನ್ನೇಲಂತೆ ಕಣೇ, ಮೂರನೆಯ ದಿನ ತಾನೇ ಎದ್ದು ಮನೆಯ ಕಟ್ಟಡದ ಮೆಟ್ಟಿಲ ಹತ್ತಿರ ಹೋಗಿ ನಿಂತ.

ಹತ್ತುವಾಗ ಮಾತಾಡ್ತಾ ಇರಿ, ಮಾತು ತುಂಡಾದ್ರೆ ನಿಂತ್ಕೊಳ್ಳಿ, ಎಂದಿದ್ದಳು ಹೆಡ್‌ಮಿಸ್ಸು, ಮಾತಿಗೆ ಇವನು ಆರಿಸಿಕೊಂಡ ವಿಷಯ ಹೆಂಡತಿಯ ತಮ್ಮ — ನಿನ್ನ ತಮ್ಮ, ಒಂದು ಮೆಟ್ಟಿಲು, ಇದಾನಲ್ಲ, ಇನ್ನೊಂದು ಮೆಟ್ಟಿಲು, ಅವನು, ಅಷ್ಟಕ್ಕೇ ಕಂಬಿ ಹಿಡಿದು ಏದುಸಿರು, ಹಾಗಾಗಿ ಮೊದಮೊದಲು ತಮ್ಮನ ಮಾನ ಉಳಿದಿತ್ತು, ಆಮೇಲೆ ಮೊದಲ ಮಹಡಿಗೆ ಬರುವಷ್ಟರಲ್ಲಿ ತಮ್ಮನ ಸೋಮಾರಿತನದ ಕಥೆ ಮುಗಿದು ಎರಡನೆಯ ಮಹಡಿಗೆ ಜಿಪುಣತನ ಶುರುವಾಗುತ್ತಿತ್ತು, ಒಂದು ದಿನ ಎಲ್ಲೂ ನಿಲ್ಲದೆ ತಾರಸಿಯವರೆಗೂ ಬೈದ, ಒಡಹುಟ್ಟಿದವನನ್ನು ಬೈಯುವುದು ಕೇಳಿ ಅವಳಿಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಹಟ ಬಿಡಲಿಲ್ಲ ಪುಣ್ಯಾತ್ಮ, ಕಾಲು ನೋವೆಂದರೂ ಹತ್ತಿದ, ನೆರೆಯವರು ನಕ್ಕರೂ ಹತ್ತಿದ, ಇಂಥವನನ್ನು ಮೆಚ್ಚದೆ ಇನ್ಯಾರನ್ನು ಮೆಚ್ಚುವುದು, ಆದರೆ ಈಗ ಬಾಯಲ್ಲಿ ಕೊಳವೆ, ಮಾತಿಲ್ಲ, ತಿಳಿಯುವುದು ಹೇಗೆ, ಇರುವುದು ಆ ನರ ಒಂದೇ, ಅದೋ ಉಬ್ಬುತ್ತಿದೆ, ಗೋಳ ಅರ್ಧಕ್ಕೆ ಬಂದಿದೆ, ನರ ನೀಲಿಯಾಗಿ ಎದ್ದಿದೆ, ಬೇಡ ರೀ, ಬಿಡಿ, ಸುತ್ತೋಣ ಕಾಗದದಲ್ಲೇ, ಇಬ್ಬರೂ ಕೂತು ಸುತ್ತೋಣ — ಕೊಳವೆಯಿಂದ ಬಾಯಿ ತೆಗೆದ. ನಿಂತ. ಮಾಲೀಕ ಹುಬ್ಬೇರಿಸಿದ, ಕುಸಿಯುವ ಮುಂಚಿನ ಅವನಾಗಿದ್ದರೆ ಆ ಹುಬ್ಬಿಗೇ ರೇಗಿ ಎದೆಯೊಡೆಯುವ ತನಕ ಊದುತ್ತಿದ್ದ, ಇವನು ಹಾಗೆ ಮಾಡಲಿಲ್ಲ, ಗೋಳವನ್ನು ಕುಲುಮೆಯ ಬಾಯಿಗೊಡ್ಡಿ ನಿಧಾನ ತಿರುಗಿಸುತ್ತ, ಎಲ್ಲರೂ ನೋಡುತ್ತಿರುವಾಗಲೇ, ಉಸಿರು ತಾನಾಗಿ ಹಿಂದಿರುಗುವವರೆಗೆ ಕಾದ, ನಾಚಲೇ ಇಲ್ಲ, ಮತ್ತೆ ಬಾಯಿ ಹಚ್ಚಿದ, ಗಾಜು ಹಿಗ್ಗಿತು, ಇನ್ನೂ ಹಿಗ್ಗಿತು, ತೆಳ್ಳಗಾಯಿತು, ಆ ಕಡೆ ನಿಂತ ಮಾಲೀಕನ ಮುಖ ಅದರೊಳಗಿಂದ ಕಂಡಿತು, ತಲೆಯಾಡಿಸುತ್ತಿದ್ದಾನೆ, ಹೌದು, ಒಪ್ಪಿಕೊಂಡು ಆಡಿಸುತ್ತಿದ್ದಾನೆ, ಗಂಡ ಕೊಳವೆಯಿಂದ ಬಾಯಿ ತೆಗೆದು ಇವಳ ಕಡೆ ತಿರುಗಿದ, ಏನೇ, ಹೀಗೆ ನನ್ನ ಕುತ್ತಿಗೆ ನೋಡ್ತಾ ನಿಂತ್ರೆ ಗೋಳ ತಾನೇ ನಡ್ಕೊಂಡು ಗೂಡಿಗೆ ಹೋಗುತ್ತಾ, ಬೇಗ ಹಿಡಿ, ಬಿರುಕು ಬಿಟ್ರೆ ಮಾಲೀಕರ ಹತ್ರ ಬೈಸ್ಕೊಳ್ಳೋಕೆ ನಿನ್ನ ತಮ್ಮ ಬರ್ತಾನಾ — ಒಂದೇ ಉಸಿರು, ಎಲ್ಲೂ ತುಂಡಾಗಲಿಲ್ಲ, ಒಂದು ಮಾತೂ ತುಂಡಾಗಲಿಲ್ಲ, ಹಿಡಿಯಬೇಕು, ಕೈ ತಾನಾಗಿ ಚಾಚುತ್ತಿದೆ, ಕಣ್ಣು ಮಾತ್ರ ಜೊತೆಗೆ ಬರುತ್ತಿಲ್ಲ, ಬೆವರಿದ ಚರ್ಮದಡಿ ಆ ನರ, ಏಳುತ್ತದೆ, ಇಳಿಯುತ್ತದೆ, ಯಾವ ಆತುರವೂ ಇಲ್ಲದೆ ಏಳುತ್ತದೆ, ಇಳಿಯುತ್ತದೆ, ಆ ನರ.