ಟೂಲ್‌ಬಾಕ್ಸಿನೊಳಗಿನ ವಿಷಲ್

ಕೋಳಿ ತುಂಡುಗಳನ್ನು ಕುಕ್ಕರಿಗೆ ಹಾಕಿ, ಈರುಳ್ಳಿ, ಕ್ಯಾರೆಟ್, ಜಜ್ಜಿದ ಶುಂಠಿ, ಕಾಳುಮೆಣಸು ಸೇರಿಸಿ, ಮುಳುಗುವಷ್ಟು ನೀರು ಹೊಯ್ದು ಮುಚ್ಚಳ ತಿರುಗಿಸಿದ ಮೇಲೆ ಬಾಯ್ಲರಮ್ಮನಿಗೆ ನೆನಪಾಯಿತು: ಮುಚ್ಚಳದ ಮೇಲೆ ಕೂರಬೇಕಾದ ವಿಷಲ್ ಗಂಡನ ಟೂಲ್‌ಬಾಕ್ಸಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ.

ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನ ಹೆಂಡತಿಯೆಂದು ಬೀದಿಯವರು ಅವಳಿಗೆ ಆ ಹೆಸರಿಟ್ಟಿದ್ದರು. ಅವನು ಕೆಲಸ ಬಿಟ್ಟು ಮನೆಗೆ ಬಂದರೂ ಆವಿಯ ಮೇಲಿನ ಅಧಿಕಾರವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಹಿಂದೊಮ್ಮೆ ಅವಳು ಬಾಗಿಲಲ್ಲಿ ಮಾತಿಗೆ ನಿಂತಾಗ ಕುಕ್ಕರಿನ ಸೇಫ್ಟಿ ವಾಲ್ವ್ ಹಾರಿ, ಬೆಂದ ಕಾಳು ಚಾವಣಿಗೆ ಅಂಟಿತ್ತು. ಅಂದಿನಿಂದ ವಿಷಲ್ ಅವನ ವಶ. ಅವನೇ ತಂದು ಕೂರಿಸಬೇಕು, ಆರಿದ ಮೇಲೆ ಅವನೇ ಒರೆಸಿ ಒಳಗಿಡಬೇಕು. ತನ್ನ ಒಲೆಯ ಮುಂದೆ ತಾನೇ ಅಪ್ಪಣೆ ಕೇಳಿ ನಿಲ್ಲಬೇಕಾದದ್ದು ಅವಳಿಗೆ ಒಳಗೊಳಗೇ ಉರಿ.

ಈಗ ಅವನು ಜ್ವರ ಬಂದು ಮಲಗಿದ್ದ. ಹಾಲು ಬೇಡ, ಬ್ರೆಡ್ ಬೇಡ. ಬೆಳಿಗ್ಗೆ ಬಂದ ಡಾಕ್ಟರು, ಸಂಜೆಯೊಳಗೆ ಹೊಟ್ಟೆಗೆ ಏನಾದರೂ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಿ ಎಂದು ಹೇಳಿ ಹೋಗಿದ್ದರು. ಅವನು ಬಾಯಿಬಿಟ್ಟು ಕೇಳಿದ್ದು ಒಂದೇ, ನೂಡಲ್ಸ್ ಹಾಕಿದ ಕೋಳಿ ಸೂಪು. ಸಿಕ್ಕಿದ್ದು ಬಲಿತ ಕೋಳಿ. ಬರೀ ಪಾತ್ರೆಯಲ್ಲಿಟ್ಟರೆ ಸಂಜೆಯಾದರೂ ಬೇಯುವಂಥದ್ದಲ್ಲ.

ಕೋಣೆಗೆ ಹೋಗಿ ಕೈಚಾಚಿದಳು. "ಬೀಗದ ಕೈ ಕೊಡಿ."

"ನಾನು ಎದ್ದ ಮೇಲೆ ನಾನೇ ಇಡ್ತೀನಿ ಕಣೇ."

"ನೀವು ಏಳ್ಬೇಕಂದ್ರೆ ಸೂಪು ಕುಡೀಬೇಕು. ಸೂಪು ಆಗ್ಬೇಕಂದ್ರೆ ನೀವು ಏಳ್ಬೇಕು. ಇದ್ಯಾವ ಸೀಮೆ ನ್ಯಾಯ ರೀ?"

"ಪ್ರೆಷರ್ ಅಂದ್ರೆ ಹುಡುಗಾಟ ಅಲ್ಲ."

"ನಿಮ್ಮನ್ನ ಇಷ್ಟು ವರ್ಷ ಸಹಿಸ್ಕೊಂಡಿದೀನಲ್ಲ, ಅದಕ್ಕಿಂತ ದೊಡ್ಡ ಪ್ರೆಷರ್ರಾ ಇದು?"

ಅವನು ಗೋಡೆ ಕಡೆ ಹೊರಳಿದ. ಅವಳು ದಿಂಬಿನಡಿ ಕೈ ಹಾಕಿ ಬೀಗದ ಕೈ ಎಳೆದುಕೊಂಡಳು. ಟೂಲ್‌ಬಾಕ್ಸಿನಲ್ಲಿ, ಸ್ಪ್ಯಾನರುಗಳ ನಡುವೆ, ಮೆತ್ತನೆ ಬಟ್ಟೆ ಸುತ್ತಿ ಕೂಸಿನಂತೆ ವಿಷಲ್ ಮಲಗಿಸಿದ್ದ. ಅದನ್ನು ಕಂಡು ಅವಳ ಮೈಯೆಲ್ಲ ಉರಿದುಹೋಯಿತು. ತನ್ನ ಕನ್ನಡಕ ಒರೆಸಲು ಇಂಥದೊಂದು ಬಟ್ಟೆ ಬೇಕೆಂದು ಎಷ್ಟು ಸಲ ಬಾಯಿ ಬಡಿದುಕೊಂಡಿದ್ದಳು.

ಕುಕ್ಕರ್ ಕೂಗಿತು. ಕೋಣೆಯಿಂದ ಸೋತ ದನಿ: "ಉರಿ ಸಣ್ಣ ಮಾಡು."

"ಮಾಡಿಯಾಯ್ತು."

ಸ್ವಲ್ಪ ಹೊತ್ತಿಗೆ ಮತ್ತೆ, "ಆವಿ ತಾನಾಗೇ ಇಳೀಲಿ. ವಿಷಲ್ ಎತ್ತಬೇಡ."

ಅವಳು ಒಲೆ ಆರಿಸಿ ನೂಡಲ್ಸ್ ಪೊಟ್ಟಣ ಬಿಚ್ಚಿದಳು. ಉತ್ತರ ಬಾರದ್ದಕ್ಕೇ ಅವನಿಗೆ ಭಯವಾಗಿರಬೇಕು. ಇನ್ನೆರಡು ಸಲ ಕೂಗಿ ನೋಡಿ, ಕೊನೆಗೆ ಕಂಬಳಿ ಹೊದ್ದು, ಗೋಡೆ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದ. ಆವಿ ಪೂರ್ತಿ ಇಳಿದು ಮುಚ್ಚಳ ಆಗಲೇ ಪಕ್ಕದಲ್ಲಿತ್ತು. ಮೂಳೆಯಿಂದ ಬಿಡಿಸಿದ ಮಾಂಸವನ್ನು ಮತ್ತೆ ರಸಕ್ಕೆ ಹಾಕಿ, ಕುದಿ ಬಂದಾಗ ಅವಳು ನೂಡಲ್ಸ್ ಬಿಡುತ್ತಿದ್ದಳು.

ಅವನು ಮೊದಲು ಚಾವಣಿ ನೋಡಿದ.

"ಏನೂ ಅಂಟಿಲ್ಲ, ಕೂತ್ಕೊಳಿ."

ಸ್ಟೂಲಿನ ಮೇಲೆ ಕೂತು ಒಂದು ಬಟ್ಟಲು ಪೂರ್ತಿ ಕುಡಿದ. ಕೊನೆಯ ನೂಡಲ್ಸ್ ಎಳೆಯನ್ನೂ ಸುರ್ರೆಂದು ಎಳೆದುಕೊಂಡ. ಆಮೇಲೆ ಅವನ ಕೈ ಮೆಲ್ಲಗೆ ವಿಷಲ್ಲಿನತ್ತ ಸರಿಯಿತು.

ಅವಳು ಅದನ್ನು ಎತ್ತಿ ಉಪ್ಪಿನ ಡಬ್ಬದ ಪಕ್ಕ ಇಟ್ಟಳು. "ಇನ್ನೊಂದು ಸೌಟು ಬೇಕಾ?"

"ಹ್ಞೂಂ."

"ಇದು ಎಲ್ಲಿರ್ಬೇಕು?"

ಹಬೆ ಅವನ ಮೂಗಿಗೇ ಬಡಿಯುತ್ತಿತ್ತು. ಸೌಟು ಅವಳ ಕೈಯಲ್ಲಿತ್ತು.

"ಉಪ್ಪಿನ ಡಬ್ಬದ ಪಕ್ಕ," ಎಂದ, ಕಂಬಳಿಯೊಳಗೇ.

"ಕೇಳಿಸ್ಲಿಲ್ಲ."

"ಉಪ್ಪಿನ ಡಬ್ಬದ ಪಕ್ಕ ಕಣೇ. ಹಾಕು."

ಹಾಕಿದಳು. ಬೀಗದ ಕೈಯನ್ನೂ ವಾಪಸು ಕೊಟ್ಟಳು. ಮೆತ್ತನೆ ಬಟ್ಟೆಯನ್ನು ಮಾತ್ರ ಕನ್ನಡಕಕ್ಕೆಂದು ಇಟ್ಟುಕೊಂಡಳು.